ಎಡೆದೊರೆ ನಾಡಿನಿಂದ ಧಾರವಾಡದ ಹಿರಿಯ ದವಾಖಾನೆಗೆ

ಧಾರವಾಡದ ಹಿರಿಯ ದವಾಖಾನೆಗೆ,

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಿಂದ ಬರೆಯುತ್ತಿದ್ದೇನೆ.

ಮನೋರೋಗಿಗಳ ಆಸ್ಪತ್ರೆಯಾದ ನಿಮ್ಮ ಹೆಸರು ಕಾಗದಪತ್ರದಲ್ಲಿ ಈಗ ಡಿಮ್ಹಾನ್ಸ್. ನಮ್ಮ ಕಡೆ ಇನ್ನೂ ನಿಮ್ಮನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಓಣಿಯಲ್ಲಿ ಹುಡುಗರು ಜಗಳ ತೆಗೆದರೆ, ಅಣ್ಣತಮ್ಮಂದಿರ ನಡುವೆ ಹೊಲದ ಬದುವಿನ ಮಾತು ಬಿಗಡಾಯಿಸಿದರೆ, ‘ಇವನ್ನ ಧಾರವಾಡಕ್ಕ ಕಳಸ್ಬೇಕು ನೋಡು’ ಎಂಬ ಮಾತು ಬಂದೇ ಬರುತ್ತದೆ. ಹಾಗೆ ಅನ್ನುವವರಲ್ಲಿ ಹೆಚ್ಚಿನವರು ನಿಮ್ಮ ಬಾಗಿಲು ಕಂಡವರಲ್ಲ. ಕಂಡವರು ಆ ಮಾತು ಆಡುವುದಿಲ್ಲ. ಅವರು ರಾತ್ರಿ ಬಸ್ಸು ಹತ್ತಿ ಹೋಗುತ್ತಾರೆ. ತಿರುಗಿ ಬಂದಮೇಲೆ ಯಾರಾದರೂ ಕೇಳಿದರೆ ಬೀಗರ ಊರಿಗೆ ಹೋಗಿದ್ದೆವು ಅನ್ನುತ್ತಾರೆ. ಗುಳಿಗೆಯ ಚೀಟಿಯನ್ನು ಟ್ರಂಕಿನ ತಳದಲ್ಲಿ ಮುಚ್ಚಿಡುತ್ತಾರೆ.

ನಿಮ್ಮನ್ನು ದೂರಲು ಈ ಪತ್ರವಲ್ಲ. ನೂರ ಎಂಬತ್ತು ವರ್ಷ ಮನೋರೋಗಿಗಳನ್ನು ನೋಡಿಕೊಂಡು ಬಂದ ಇನ್ನೊಂದು ಸಂಸ್ಥೆ ಉತ್ತರ ಕರ್ನಾಟಕದಲ್ಲಿ ಇಲ್ಲ. ನೀವು ಅಷ್ಟು ಕಾಲದಲ್ಲಿ ಕಲಿತದ್ದು ನಮ್ಮ ತಾಲ್ಲೂಕು ಆಸ್ಪತ್ರೆಯವರೆಗೆ ಬರಬೇಕು, ಬಂದು ಅಲ್ಲೇ ನಿಲ್ಲಬೇಕು. ಕೇಳುತ್ತಿರುವುದು ಇಷ್ಟನ್ನೇ. ಯಾಕೆ ಕೇಳುತ್ತಿದ್ದೇವೆ ಎಂಬುದಕ್ಕೆ ನಿಮ್ಮ ಚರಿತ್ರೆಯನ್ನೂ ನಮ್ಮದನ್ನೂ ಒಂದಿಷ್ಟು ಬಿಚ್ಚಬೇಕಾಗುತ್ತದೆ.

ನೀವು ಶುರುವಾದದ್ದು 1845ರಲ್ಲಿ. ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಬೆಂಗಳೂರಿನ ಆಸ್ಪತ್ರೆಗಿಂತ ಎರಡು ವರ್ಷ ಮೊದಲು. ಆಗ ಧಾರವಾಡ ಮುಂಬೈ ಪ್ರಾಂತ್ಯದ ಊರು. ಕೊಲಾಬಾ, ಪುಣೆ, ಅಹಮದಾಬಾದಿನ ಹುಚ್ಚಾಸ್ಪತ್ರೆಗಳ ಜೊತೆಗೆ ನಿಮ್ಮ ಲೆಕ್ಕಪತ್ರವೂ ಅಲ್ಲಿನ ಸರ್ಕಾರಕ್ಕೆ ಹೋಗುತ್ತಿತ್ತು. ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. 1853ರಿಂದ 1860ರವರೆಗೆ ಅದು ಬ್ರಿಟಿಷರ ಕೈಯಲ್ಲಿದ್ದದ್ದುಂಟು. ಆಮೇಲೆ ಮತ್ತೆ ನಿಜಾಮರ ಪಾಲಿಗೆ. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದು ಮಾಡಿ ನಮ್ಮ ಸೀಮೆಯನ್ನು ರಾಯಚೂರಿಗೆ ಸೇರಿಸಿದರು. ನಿಜಾಮರ ಮನೋರೋಗ ಆಸ್ಪತ್ರೆ ಇದ್ದದ್ದು ಮರಾಠವಾಡದ ಜಾಲ್ನಾದಲ್ಲಿ, ಗೋದಾವರಿಯ ಆಚೆ. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡೆಗೆ ಬಂತು. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು ಧಾರವಾಡವೂ ರಾಯಚೂರೂ ಒಂದೇ ರಾಜ್ಯಕ್ಕೆ ಸೇರಿದ ಮೇಲೆಯೇ ನೀವು ನಮ್ಮವರಾದದ್ದು. ರಾಜ್ಯ ಒಂದಾಯಿತು, ದಾರಿ ಸವೆಯಲಿಲ್ಲ. ಸಿಂಧನೂರಿನಿಂದ ನಿಮ್ಮಲ್ಲಿಗೆ ಇವತ್ತಿಗೂ 200 ಕಿ.ಮೀ.ಗೂ ಮೇಲೆ.

ಹಳೆಯ ಕಾಲದ ಹುಚ್ಚಾಸ್ಪತ್ರೆಗಳ ದಫ್ತರಿನಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇರುತ್ತಿತ್ತು. ಬ್ರಿಟಿಷ್ ಇಂಡಿಯಾದ ಉದ್ದಗಲಕ್ಕೂ ಅದರಲ್ಲಿ ಮತ್ತೆ ಮತ್ತೆ ಗಾಂಜಾದ ಹೆಸರೇ ಬೀಳುತ್ತಿತ್ತು. 1893–94ರಲ್ಲಿ ಗಾಂಜಾ, ಭಂಗಿಗಳ ವಿಚಾರಣೆಗೆ ಕೂತ ಆಯೋಗ, 1892ರಲ್ಲಿ ಹಾಗೆ ದಾಖಲಾದವರ ಪ್ರಕರಣಗಳ ಜಾಡು ಹಿಡಿದು ಹಿಂದಕ್ಕೆ ಹೋಯಿತು. ರೋಗಿಯ ಜೊತೆ ಪೊಲೀಸರು ಕಳಿಸಿದ ಕಾಗದ ನೋಡಿಯೇ ಆ ಕಾಲಂ ತುಂಬುತ್ತಿದ್ದರು ಎಂಬುದು ಆಗ ಬಯಲಾಯಿತು. ಹುಚ್ಚಾಸ್ಪತ್ರೆಗಳ ಆ ಅಂಕಿಅಂಶ ನಂಬತಕ್ಕದ್ದಲ್ಲ ಎಂದು ಆಯೋಗ ತೀರ್ಮಾನ ಕೊಟ್ಟಿತು. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ರೋಗಿ ಯಾವಾಗಿನಿಂದ ನಿದ್ದೆಗೆಟ್ಟ, ಬೆಳೆ ಹೋದಮೇಲೋ ಮಗು ತೀರಿಕೊಂಡಮೇಲೋ, ಮನೆತನದಲ್ಲಿ ಇನ್ನಾರಿಗಾದರೂ ಹೀಗಾಗಿತ್ತೋ ಎಂಬುದು ಹೆತ್ತವಳಿಗೆ ಗೊತ್ತಿರುತ್ತದೆ. ಅವಳನ್ನು ಕೇಳುವ ಪದ್ಧತಿಯೇ ಇರಲಿಲ್ಲ.

ಮನೋರೋಗಿಗಳ ಕುರಿತ 1912ರ ಕಾಯ್ದೆಯೂ ಅದೇ ಹಾದಿಯದು. ಬೀದಿಯಲ್ಲಿ ಅಲೆಯುವವನನ್ನು ಪೊಲೀಸರು ಹಿಡಿಯುವುದು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು, ಅವರ ಆದೇಶ ಹಿಡಿದು ಆಸ್ಪತ್ರೆಗೆ ಒಯ್ಯುವುದು. 1987ರಲ್ಲಿ ಹೊಸ ಕಾಯ್ದೆ ಬಂದರೂ ಅದು ಜಾರಿಯಾದದ್ದು 1993ರ ಏಪ್ರಿಲ್ 1ರಿಂದ. ಎಂಬತ್ತು ವರ್ಷ, ಅಂದರೆ ಮೂರು ತಲೆಮಾರು, ಮನಸ್ಸಿನ ಕಾಯಿಲೆ ಎಂದರೆ ಠಾಣೆ, ಕೋರ್ಟು, ಗೋಡೆ. ನಮ್ಮ ಜನ ರೋಗವನ್ನು ಮುಚ್ಚಿಡುವುದನ್ನು ಮೌಢ್ಯ ಎಂದು ಓದಿದವರು ಸುಲಭವಾಗಿ ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಕಂಡುಂಡ ಹೆದರಿಕೆ ಅದು.

ಗೋಡೆಯ ಹಂಗು ತಪ್ಪಿಸಿದ್ದು ಮೊದಲು ಮದ್ದು, ಆಮೇಲೆ ಮನೆಯವರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಹಳ್ಳಿವೈದ್ಯರು ತಲೆತಲಾಂತರದಿಂದ ಬಳಸುತ್ತಿದ್ದ ಸರ್ಪಗಂಧಿಯ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂನ ಗುಣ ಕಂಡುಕೊಂಡರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂತು. ಕಟ್ಟಿಹಾಕದೆ ನಿಲ್ಲದಿದ್ದ ರೋಗಿ ಗುಳಿಗೆ ತೆಗೆದುಕೊಂಡು ಮನೆಯಲ್ಲಿ ಉಂಡು ಮಲಗಬಹುದು ಎಂಬ ಕಾಲ ಬಂತು. ಅದೇ ದಶಕದಲ್ಲಿ ಅಮೃತಸರದ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಹೀಗೆ ಉಳಿದವರು ರೋಗವೆಂದರೆ ಏನೆಂದು ಕಣ್ಣಾರೆ ಕಂಡು, ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಿದರು. ಮನೋವೈದ್ಯಕ್ಕೆ ಈ ದೇಶ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದನ್ನು ಮೊದಲು ಎಣಿಸಬೇಕು ಎಂದು ನನ್ನ ಅಭಿಪ್ರಾಯ. ಪೊಲೀಸರ ಕಾಗದದ ಜಾಗದಲ್ಲಿ ತಾಯಿ ಬಂದು ಕೂತಳು.

ಇನ್ನು ಬಳ್ಳಾರಿಯ ಮಾತು. ಇದನ್ನು ನಿಮಗಿಂತ ಹೆಚ್ಚಾಗಿ ನಮ್ಮ ಜನರಿಗೇ ಹೇಳಬೇಕಾಗಿದೆ, ನಮ್ಮ ಪಕ್ಕದಲ್ಲೇ ನಡೆದದ್ದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ನಗರದ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೋರೋಗ ಗುರುತಿಸುವುದನ್ನು ಕಲಿಸಬಹುದೇ ಎಂದು ಅಲ್ಲಿ ಪರೀಕ್ಷಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಲು ಆರಿಸಿದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ, ಸುಮಾರು 20 ಲಕ್ಷ ಜನಸಂಖ್ಯೆಯ ಜಿಲ್ಲೆಯಲ್ಲಿ, ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಅಗತ್ಯದ ಕೆಲವೇ ಕೆಲವು ಔಷಧಿಗಳನ್ನು ಕೇಂದ್ರಕ್ಕೆ ಒದಗಿಸಿ, ಸರಳವಾದ ದಾಖಲೆ ಪುಸ್ತಕ ಇರಿಸಿ, ಮೇಲ್ವಿಚಾರಣೆಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡವನ್ನು ನಿಲ್ಲಿಸಿದರು. ಮನೋರೋಗದ ಜೊತೆಗೆ ಮೂರ್ಛೆರೋಗವನ್ನೂ ಬುದ್ಧಿಮಾಂದ್ಯವನ್ನೂ ಸೇರಿಸಿಕೊಂಡರು. ಅದಕ್ಕಾಗಿ ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಆರೋಗ್ಯ ಕೇಂದ್ರ, ಇದ್ದ ವೈದ್ಯರು, ಇದ್ದ ಕಾರ್ಯಕರ್ತೆಯರೇ ಸಾಕಾದರು.

ದಢೇಸೂಗೂರಿನ ಸೇತುವೆ ದಾಟಿದರೆ ಆಚೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಈಚೆ ಸಿಂಧನೂರು. ಎರಡೂ ಕಡೆ ಅದೇ ಭತ್ತ, ಅದೇ ತುಂಗಭದ್ರೆಯ ನೀರು, ಅದೇ ಮಾತು, ಕೊಟ್ಟುತಂದ ಸಂಬಂಧ. ಯೋಜನೆಯ ಗಡಿ ಮಾತ್ರ ನದಿಯ ನಡುವೆ ನಿಂತಿತು. 1996ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿಯ ಮಾದರಿಯನ್ನೇ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಆಂಧ್ರ, ಅಸ್ಸಾಂ, ರಾಜಸ್ಥಾನ, ತಮಿಳುನಾಡಿನ ಒಂದೊಂದು ಜಿಲ್ಲೆ ಆಯ್ಕೆಯಾದವು. ಬಳ್ಳಾರಿಯಲ್ಲಿ ಕಲಿತ ಪಾಠ ದೇಶವನ್ನೆಲ್ಲ ಸುತ್ತಲು ಹೊರಟಿತು. ಹೊಳೆಯ ಈಚೆ ದಡಕ್ಕೆ ಬರಲು ಅದಕ್ಕೆ ಎಷ್ಟು ಕಾಲ ಬೇಕಾಯಿತು ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಈಗ ಕಾರ್ಯಕ್ರಮ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋರೋಗ ಚಿಕಿತ್ಸಾಲಯ ಶುರು ಮಾಡಿತು. ಇದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಜ್ವರದವರ, ಸಕ್ಕರೆ ಕಾಯಿಲೆಯವರ ಸಾಲಿನಲ್ಲೇ ಕೂತು ಮನಸ್ಸಿನ ಕಾಯಿಲೆಗೂ ಚೀಟಿ ಮಾಡಿಸಬಹುದು ಎಂಬುದು ಎಷ್ಟೋ ಮನೆಗಳ ನಾಚಿಕೆಯನ್ನು ಬಿಡಿಸಬಲ್ಲ ಸಂಗತಿ. ಆದರೆ ಕೂಲಿಯವಳಿಗೆ ಮಂಗಳವಾರವೇ ನಾಟಿಯ ಕೆಲಸ ಸಿಕ್ಕರೆ? ಗುರುವಾರ ರಾತ್ರಿ ಮಗ ಮನೆಬಿಟ್ಟು ಓಡಿದರೆ? ‘ಸುಮ್ಕ ಕುಂದರ್ತಾನ್ರಿ, ಊಟ ಒಲ್ಲೆ ಅಂತಾನ, ಒಬ್ಬಾವನ ಮಾತಾಡ್ತಾನ’ ಎಂದು ತಾಯಿ ಬಂದು ಹೇಳಿದಾಗ, ಮುಂದಿನ ವಾರ ಬಾ ಯವ್ವಾ ಎಂದರೆ ಆ ವಾರದಲ್ಲಿ ಅವಳು ಮಾಟ ತೆಗೆಯುವವನ ಬಳಿ ಹೋಗಿರುತ್ತಾಳೆ. ಹೋದದ್ದು ಅವಳ ತಪ್ಪಲ್ಲ. ಅವನ ಬಾಗಿಲು ಎಲ್ಲ ದಿನವೂ ತೆರೆದಿರುತ್ತದೆ.

ನಮ್ಮ ಸೀಮೆಯ ಎರಡು ಸಂಗತಿಗಳನ್ನು ನೀವು ವಿಶೇಷವಾಗಿ ತಿಳಿದಿರಬೇಕು. ಮೊದಲನೆಯದು ಗುಳೆ. ಕಾಲುವೆಯ ಕೊನೆಗೆ ನೀರು ಮುಟ್ಟದ ಊರುಗಳಿಂದ, ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಿಂದ ಜನ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ತಿಂಗಳ ಗುಳಿಗೆ, ತಿಂಗಳಿಗೊಮ್ಮೆಯ ಸೂಜಿ ಅಲ್ಲಿಗೆ ತಪ್ಪಿತು. ಆರು ತಿಂಗಳು ಚೆನ್ನಾಗಿದ್ದವನು ಕಟ್ಟಡದ ಶೆಡ್ಡಿನಲ್ಲಿ ಮತ್ತೆ ಕಾಯಿಲೆ ಬೀಳುತ್ತಾನೆ. ಮೇಸ್ತ್ರಿ ಬಸ್ಸಿಗೆ ಹತ್ತಿಸಿ ಕಳಿಸುತ್ತಾನೆ. ಔಷಧಿ ಬಿಟ್ಟವನೇ ತಪ್ಪುಗಾರ ಎಂದು ಬೈಯುವ ಮುಂಚೆ, ಅವನ ಚೀಟಿಯನ್ನು ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಓದಿ ಔಷಧಿ ಕೊಡುವ ವ್ಯವಸ್ಥೆ ಬೇಕು.

ಎರಡನೆಯದು ಸಿ.ಎಚ್. ಪೌಡರ್. ರಾಯಚೂರು ಜಿಲ್ಲೆಯಲ್ಲಿ ಈ ಹೆಸರು ಕೇಳದವರಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬುದು ಅದರ ಪೂರ್ಣ ಹೆಸರು. 1869ರಲ್ಲಿ ನಿದ್ದೆಯ ಮದ್ದಾಗಿ ಬಂದು, ಆ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಮಲಗಿಸಲು ಹೇರಳವಾಗಿ ಬಳಕೆಯಾದ ಪದಾರ್ಥ. ಇವತ್ತು ಅದನ್ನೂ ಅಲ್ಪ್ರಜೋಲಂ, ಡೈಯಾಜೆಪಾಂನಂಥ ಗುಳಿಗೆಗಳನ್ನೂ ಸೇಂದಿಗೆ ಬೆರೆಸಿ ಕೂಲಿಕಾರರಿಗೆ ಮಾರುತ್ತಾರೆ. ನಾಲ್ಕಾರು ವರ್ಷ ಅದನ್ನು ಕುಡಿದವನಿಗೆ ಒಂದು ದಿನ ಅದು ಸಿಗದೆ ಹೋದರೆ ಕೈಕಾಲು ನಡುಗುತ್ತವೆ, ನಿದ್ದೆ ಹಾರಿಹೋಗುತ್ತದೆ, ಇಲ್ಲದ ಜನ ಕಣ್ಣಿಗೆ ಕಾಣುತ್ತಾರೆ, ಫಿಟ್ಸ್ ಬರುತ್ತದೆ. ಮನೆಯವರು ಗಾಳಿ ಸೋಕಿತು ಅಂದುಕೊಳ್ಳುತ್ತಾರೆ. ಅಬಕಾರಿಯವರು ದಾಳಿ ಮಾಡಿ ಪೌಡರು ಹಿಡಿದರೆ ಅದು ಸುದ್ದಿ. ಆ ದಾಳಿಯ ಮೂರನೆಯ ದಿನ ಹಳ್ಳಿಗಳಲ್ಲಿ ನಡುಗುತ್ತ ಬಿದ್ದವರು ಸುದ್ದಿಯಲ್ಲ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಬಿಗಿ ಮಾಡಿದಾಗ ಅದೇ ಎರ್ರಗಡ್ಡೆಯ ಆಸ್ಪತ್ರೆಗೆ ಜನ ಹಿಂಡುಹಿಂಡಾಗಿ ಬಂದರು. ದಾಳಿ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆ, ಔಷಧಿ, ಅಮಲನ್ನು ಹಂತಹಂತವಾಗಿ ಇಳಿಸಬಲ್ಲ ವೈದ್ಯರು ಸಿದ್ಧವಿರಬೇಕು.

ಸರಪಳಿಯ ಬಗ್ಗೆಯೂ ಹೇಳಿಬಿಡಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ದೇವರ ಸನ್ನಿಧಿಗೆ ಹೋಗುವವರನ್ನು ತಡೆಯಬೇಕು ಎಂದು ನಾನು ಹೇಳುತ್ತಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ರೋಗಿಗಳನ್ನು ಅಲ್ಲೇ ಕೂತ ಮನೋವೈದ್ಯರ ಬಳಿಗೆ ಕಳಿಸುವ ಪದ್ಧತಿ ಬೆಳೆಯಿತು. ಪ್ರಾರ್ಥನೆಯೂ ನಡೆಯಿತು, ಗುಳಿಗೆಯೂ ಸಿಕ್ಕಿತು. ನಮ್ಮ ಮಠ, ಗುಡಿ, ದರ್ಗಾಗಳ ಹಿರಿಯರು ಮನಸ್ಸು ಮಾಡಿದರೆ ಇಲ್ಲಿಯೂ ಆಗುವ ಕೆಲಸ ಅದು. ಸಂಕೋಲೆ ಮಾತ್ರ ಯಾವ ದೇವರ ಹೆಸರಿನಲ್ಲೂ ಬೇಡ.

ಕಾನೂನು ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡಬಾರದು. ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹೊಲಕ್ಕೆ ತಂದ ಕೀಟನಾಶಕ ಮನೆಯ ಮೂಲೆಯಲ್ಲೇ ಇರುವ ನಮ್ಮ ಊರುಗಳಲ್ಲಿ ಈ ಮಾತು ಪ್ರತಿ ಮನೆಗೂ ಮುಟ್ಟಬೇಕು. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡುವ ಮನೆಗಳು ಈಗಲೂ ಇವೆ. ಎಲ್ಲಕ್ಕಿಂತ ಮುಖ್ಯವಾದ ಮಾತು 18ನೆಯ ಕಲಮಿನಲ್ಲಿದೆ: ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ‘ಎಲ್ಲ ಕಾಲದಲ್ಲೂ’ ಎಂದು ಕಾಯ್ದೆಯೇ ಬರೆದಿದೆ. ಸ್ಟಾಕ್ ಇಲ್ಲ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ಬೇರೆಬೇರೆಯಾಗಿ, ಚಿಕಿತ್ಸೆ ಬೇಕಾದ ನೂರು ಜನರಲ್ಲಿ 70ರಿಂದ 92 ಜನಕ್ಕೆ ಅದು ಸಿಗುತ್ತಿರಲಿಲ್ಲ. ಅವರನ್ನು ಮುಟ್ಟುವ ದಾರಿ ಬಳ್ಳಾರಿಯಲ್ಲಿ ಒಮ್ಮೆ, 2005ರಿಂದೀಚೆಗೆ ತೀರ್ಥಹಳ್ಳಿ ತಾಲ್ಲೂಕಿನ ಸ್ಕಿಜೋಫ್ರೇನಿಯಾ ರೋಗಿಗಳ ನಡುವೆ ಇನ್ನೊಮ್ಮೆ ಮಾಡಿ ತೋರಿಸಿದ್ದಾಗಿದೆ. ಹೊಸ ಪ್ರಯೋಗ ಬೇಕಿಲ್ಲ.

ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಏಮ್ಸ್ ಬೇಕೆಂದು ಜನ ಧರಣಿ ಕೂತರು. ನ್ಯಾಯವಾದ ಬೇಡಿಕೆ ಅದು, ನಾನೂ ಅವರ ಜೊತೆಗಿದ್ದೇನೆ. ಆದರೆ ಮನಸ್ಸಿನ ಕಾಯಿಲೆಗೆ ಏಮ್ಸ್ ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮಲ್ಲಿ ಮನೋವೈದ್ಯರು ತಯಾರಾಗುತ್ತಾರೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವುದು 2020ರ ನಿಯಮದಿಂದ ಕಡ್ಡಾಯವಾಗಿದೆ. ಅವರನ್ನು ಸರತಿಯ ಮೇಲೆ ಸಿಂಧನೂರಿಗೂ ಲಿಂಗಸುಗೂರಿಗೂ ಕಳಿಸಿಕೊಡಿ. ಎರಡೂ ತಾಲ್ಲೂಕು ಆಸ್ಪತ್ರೆಗಳಿಗೆ ದಿನವೂ ಇರುವ ಮನೋವೈದ್ಯರ ಹುದ್ದೆ, ಸಾಮಾನ್ಯ ವಾರ್ಡಿನಲ್ಲೇ ನಾಲ್ಕಾರು ಹಾಸಿಗೆ ಬೇಕೆಂದು ನಾವು ಸರ್ಕಾರವನ್ನು ಕೇಳುತ್ತೇವೆ, ನೀವೂ ನಮ್ಮ ಜೊತೆ ದನಿಗೂಡಿಸಿ. ನಿಮ್ಮಿಂದ ಬಿಡುಗಡೆಯಾಗಿ ಬರುವ ನಮ್ಮವರ ಕೈಗೆ ಕನ್ನಡದಲ್ಲಿ ಬರೆದ ಚೀಟಿ ಕೊಡಿ. ಅದರ ಪ್ರತಿ ಅವರ ಊರಿನ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ತಲುಪಲಿ. ಮಸ್ಕಿಯ ತಾಯಿ ಒಂದು ತಿಂಗಳ ಗುಳಿಗೆಗಾಗಿ ಎರಡು ದಿನದ ಕೂಲಿ ಬಿಟ್ಟು ನಿಮ್ಮಲ್ಲಿಗೆ ಬರುವುದು ತಪ್ಪಲಿ.

ಇದನ್ನು ಓದುತ್ತಿರುವ ನಮ್ಮ ಸೀಮೆಯ ಅಕ್ಕ, ಅಣ್ಣಂದಿರಿಗೂ ಒಂದು ಮಾತು. 14416 ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಇವತ್ತೇ ಆ ಸಂಖ್ಯೆಗೆ ಫೋನು ಮಾಡಿ, ಬರುವ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಔಷಧಿ ಇಲ್ಲ ಅಂದರೆ ಸುಮ್ಮನೆ ತಿರುಗಿ ಬರಬೇಡಿ; 18ನೆಯ ಕಲಮಿನ ಹೆಸರು ಹೇಳಿ, ಇಲ್ಲ ಎಂಬುದನ್ನು ಬರೆದು ಕೊಡಿ ಎಂದು ಕೇಳಿ.

ಇಂತಿ,
ಎಡೆದೊರೆ ನಾಡಿನವ